ಮಾದಲ ಹಣ್ಣು, ಬೇಲದ ಹಣ್ಣು ಮತ್ತು ಮೂರನೇ ಲೂಪ್

ನನ್ನ ಅಕ್ಕನ ಮಗಳು ಹತ್ತನೇ ಕ್ಲಾಸಿನವರೆಗೂ ಸೇಡಂ ಕಡೆಯ ಕನ್ನಡ ಶಾಲೆಯಲ್ಲಿ ಓದಿದವಳು. ಈಗ ಕಂಪ್ಯೂಟರ್ ಡಿಪ್ಲೊಮಾ. ಲ್ಯಾಬ್ ಪರೀಕ್ಷೆ ಹತ್ತಿರ ಬಂದಾಗ ಫೋನ್ ಮಾಡಿದ್ಳು. "ಮಾಮಾ, ಮ್ಯಾಟ್ರಿಕ್ಸ್ ಪ್ರೋಗ್ರಾಂ ಬಾಯಿಪಾಠ ಆಗ್ಯಾದ. ಆದ್ರ ಕೂಡಸ್ಲಾಕ ಎರಡು ಲೂಪ್, ಗುಣಸ್ಲಾಕ ಮೂರು ಯಾಕಂತ ಕೇಳಿದ್ರ ಏನ್ ಹೇಳ್ಲಿ? ನಂಗ ತಲಿನೇ ಇಲ್ಲ ಅನಸ್ತದ."

ಆ ಕೊನೆಯ ಮಾತು ಚುಚ್ಚಿತು. ಪುಸ್ತಕದಲ್ಲಿ ಪ್ರೋಗ್ರಾಂ ಇರುತ್ತೆ, ಕಾರಣ ಇರಲ್ಲ. ಅದೂ ಇಂಗ್ಲಿಷಿನಲ್ಲಿ. ಮಕ್ಕಳು ತಮ್ಮ ತಲೆಯನ್ನೇ ಬೈದುಕೊಳ್ತಾರೆ.

"ಮೊದಲು ಪೆನ್ನು ತಗೋ" ಅಂದೆ. ಐದು ಅಡ್ಡಸಾಲು: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಎರಡು ಕಂಬಸಾಲು: ತೊಗರಿ, ಜೋಳ. ಪ್ರತಿ ಮನೆಯಲ್ಲೂ ಆ ಊರಲ್ಲಿ ಮಾರಾಟವಾದ ಚೀಲಗಳ ಸಂಖ್ಯೆ. ಇದೇ 5×2 ಅರೇ. ಸಿ ಭಾಷೆ ಸೊನ್ನೆಯಿಂದ ಎಣಿಸುವುದರಿಂದ ಎ[0][1] ಅಂದ್ರೆ ಸೇಡಂನ ಜೋಳ. ಸೋಮವಾರದ ಹಾಳೆಗೆ ಮಂಗಳವಾರದ ಹಾಳೆ ಕೂಡಿಸುವಾಗ ಸೇಡಂನ ಜೋಳಕ್ಕೆ ಸೇಡಂನ ಜೋಳವೇ ಸೇರಬೇಕು. ಊರಿಗೊಂದು ಲೂಪ್, ಕಾಳಿಗೊಂದು ಲೂಪ್. ಮುಗೀತು!

ಗುಣಾಕಾರಕ್ಕೆ ಪಕ್ಕದ ಮಳಖೇಡದ ಕಾಲಕ್ಕೇ ಹೋದೆ. ಸೇಡಂ ತಾಲೂಕಿನ, ಕಾಗಿಣಾ ದಂಡೆಯ ಈ ಊರೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗ ಇಲ್ಲಿಂದ ಆಳುತ್ತಿದ್ದಾಗ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದ. ಅದರಲ್ಲೊಂದು ಲೆಕ್ಕ: 9 ಮಾದಲ ಹಣ್ಣು, 7 ಬೇಲದ ಹಣ್ಣು ಸೇರಿ ಬೆಲೆ 107. 7 ಮಾದಲ, 9 ಬೇಲ ಸೇರಿ 101. ಒಂದೊಂದರ ಬೆಲೆ ಎಷ್ಟು?

ಉತ್ತರ 8 ಮತ್ತು 5. ತಾಳೆ ನೋಡಿ: 9×8 + 7×5 = 107. 7×8 + 9×5 = 101. ಮ್ಯಾಟ್ರಿಕ್ಸ್ ಗುಣಾಕಾರ ಅಂದ್ರೆ ಇಷ್ಟೇ ರೀ! ಅಡ್ಡಸಾಲು ಒಂದು ಚೀಲ, ಕಂಬಸಾಲು ಒಂದು ಅಂಗಡಿಯ ಬೆಲೆಪಟ್ಟಿ. ಯಾವ ಚೀಲ ಅನ್ನೋದಕ್ಕೆ ಒಂದು ಲೂಪ್, ಯಾವ ಅಂಗಡಿ ಅನ್ನೋದಕ್ಕೆ ಇನ್ನೊಂದು. ಚೀಲದೊಳಗೆ ಕೈಹಾಕಿ ಹಣ್ಣಿನಿಂದ ಹಣ್ಣಿಗೆ ಹೋಗುತ್ತಾ ಮೊತ್ತಕ್ಕೆ ಸೇರಿಸುವುದು ಮೂರನೇ ಲೂಪ್. ಹೊಸ ಮೊತ್ತ ಶುರುವಾದಾಗೆಲ್ಲ ಸೊನ್ನೆ ಇಡಬೇಕು, ಇಲ್ಲಾಂದ್ರೆ ಹಿಂದಿನ ಬಿಲ್ಲು ಇದಕ್ಕೂ ಸೇರುತ್ತೆ :) ಮೊದಲ ಮ್ಯಾಟ್ರಿಕ್ಸಿನ ಕಂಬಗಳೂ ಎರಡನೆಯದರ ಅಡ್ಡಸಾಲುಗಳೂ ಸಮ ಇರಬೇಕಾದದ್ದೂ ಇದಕ್ಕೇ. ಚೀಲದಲ್ಲಿರುವ ಹಣ್ಣಿಗೆಲ್ಲ ಬೆಲೆ ಬೇಕಲ್ಲ?

ಬೆಲೆ ಹುಡುಕುವ ಮಹಾವೀರನ ದಾರಿ ಇನ್ನೂ ಚೆಂದ. 107×9 – 101×7 = 256. 9×9 – 7×7 = 32. ಭಾಗಿಸಿದರೆ 8. ಆ 32ನ್ನೇ ಇವತ್ತು ನಾವು ಡಿಟರ್ಮಿನೆಂಟ್ ಅಂತೀವಿ. ಹಾಗಂತ ಮ್ಯಾಟ್ರಿಕ್ಸನ್ನು ಮಳಖೇಡದಲ್ಲೇ ಕಂಡುಹಿಡಿದರು ಅಂತ ಹೊಗಳಿಕೊಳ್ಳೋದು ಬೇಡ. ಆ ಹೆಸರಿಟ್ಟವನು ಇಂಗ್ಲೆಂಡಿನ ಸಿಲ್ವೆಸ್ಟರ್, 1850ರಲ್ಲಿ. ಗುಣಾಕಾರದ ನಿಯಮಗಳನ್ನು ಕೇಲಿ ಬರೆದದ್ದು 1858ರಲ್ಲಿ. ಆದರೆ ಲೆಕ್ಕವನ್ನು ಹಣ್ಣಿನಂಗಡಿಯಲ್ಲಿಟ್ಟು ಕಲಿಸುವ ಜಾಣ್ಮೆ ಈ ಮಣ್ಣಿಗೆ ಹೊಸದಲ್ಲ.

ಸ್ವಲ್ಪ ಹೊತ್ತು ಆಕಡೆಯಿಂದ ಸದ್ದಿಲ್ಲ. ಆಮೇಲೆ, "ಮಾಮಾ, ಮೂರು ಹಣ್ಣಾದ್ರ ಮೂರನೇ ಲೂಪ್ ಮೂರು ಸಲ ತಿರಗ್ತದ, ಹೌದಿಲ್ಲ?" ಅಂದ್ಳು.

ತಲೆ ಇಲ್ಲದವರು ಕೇಳೋ ಪ್ರಶ್ನೆಯಾ ಇದು? ಕನ್ನಡದಲ್ಲಿ ಬರೆಯುವ ನಾವು ಕವಿತೆಯ ಜೊತೆ ಇಂಥ ನಾಲ್ಕು ಲೆಕ್ಕಗಳನ್ನೂ ಬರೆಯೋಣ. ಏನಂತೀರಿ?