ನನ್ನ ‘ಇನ್‌ಶಾ ಅಲ್ಲಾಹ್’ ಮತ್ತು ಒಂದು ಸ್ಪ್ಯಾನಿಷ್ ಪಾಠ

ರಾಯಚೂರಿನ ಹತ್ತಿ ಮಾರುಕಟ್ಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ನನ್ನ ತಂದೆಗೆ, ಮಗನು ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಲ್ಲಿ ಸ್ಪ್ಯಾನಿಷ್ ಕಲಿಯುತ್ತಿರುವುದು ಬಹಳ ದಿನ ಅರ್ಥವಾಗದ ಸಂಗತಿಯಾಗಿತ್ತು. ಮನೆಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ, ಮದ್ರಸಾದಲ್ಲಿ ಅರಬಿ, ಕಾಲೇಜಿನಲ್ಲಿ ಇಂಗ್ಲಿಷ್. “ಇಷ್ಟೂ ಸಾಲದೆಂದು ಇನ್ನೊಂದು ಏಕೆ?” ಎಂದು ಅವರು ಕೇಳುತ್ತಿದ್ದರು. ಪ್ರವಾದಿವರ್ಯರ(ಸ) ಆದೇಶದಂತೆ ಝೈದ್ ಬಿನ್ ಸಾಬಿತ್(ರ) ಯಹೂದಿಯರ ಲಿಪಿಯನ್ನು ಸುಮಾರು 15 ದಿನಗಳಲ್ಲಿ ಕಲಿತ ವರದಿಯನ್ನು ನಾನು ನೆನಪಿಸಿದೆ. ತಂದೆ ನಕ್ಕು, “ಅವರಿಗೆ 15 ದಿನ, ನಿನಗೆ ಆಗಲೇ 2 ವರ್ಷವಾಯಿತಲ್ಲ?” ಎಂದರು.

ಆರಂಭದ ಹಂತವು ನನಗೆ ಹಬ್ಬದಂತಿತ್ತು. 711ರಲ್ಲಿ ಮುಸ್ಲಿಮರು ಕಾಲಿಟ್ಟು, 1492ರಲ್ಲಿ ಗ್ರನಾಡಾದ ಪತನದವರೆಗೆ ಆಳಿದ ನಾಡಿನ ಭಾಷೆಯದು; ಅದರಲ್ಲಿ ಅರಬಿ ಪದಗಳು ಹೇರಳವಾಗಿವೆ. ಹತ್ತಿಗೆ ಅವರು ‘ಅಲ್ಗೊದೋನ್’ ಎನ್ನುತ್ತಾರೆ. ಅದು ಅರಬಿಯ ‘ಅಲ್ ಕುತ್ನ್’. ಅಕ್ಕಿಗೆ ‘ಅರ್ರೋಸ್’, ಅದು ‘ಅರ್ರುಝ್’. ಹೊಲಕ್ಕೆ ನೀರುಣಿಸುವ ಕಾಲುವೆಗೆ ‘ಅಸೇಕಿಯಾ’, ಅದು ‘ಅಸ್ಸಾಕಿಯಾ’. ಮಾನ್ವಿಯಲ್ಲಿರುವ ಆಪಾಳ ಮನೆಗೆ ಹೋದಾಗ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಭತ್ತದ ಗದ್ದೆಯ ಬದುವಿನಲ್ಲಿ ನಿಂತು ಈ ಪದಗಳನ್ನು ಅವಳ ಮಕ್ಕಳಿಗೆ ಹೇಳಿಕೊಡುತ್ತಿದ್ದೆ. ನಮ್ಮ ಕನ್ನಡದ ತಾಲೂಕು, ವಕೀಲ, ರೈತ ಎಂಬ ಪದಗಳೂ ಅರಬಿ ಮೂಲದವೇ ಎಂದಾಗ ಅವರು ಬೆರಗಾದರು. ಭಾಷೆಗಳ ವೈವಿಧ್ಯವು ಅಲ್ಲಾಹನ ದೃಷ್ಟಾಂತಗಳಲ್ಲಿ ಸೇರಿದೆಯೆಂದು ಪವಿತ್ರ ಕುರ್‌ಆನ್ (30: 22) ತಿಳಿಸುತ್ತದೆ. ಆ ದೃಷ್ಟಾಂತವನ್ನು ನಾನು ಪದಗಳಲ್ಲಿ ಮಾತ್ರ ಕಾಣುತ್ತಿದ್ದೆ.

ಮಧ್ಯಮ ಹಂತಕ್ಕೆ ಬಂದಾಗ ಹಬ್ಬ ಮುಗಿಯಿತು. ಪದಗಳು ತಿಳಿದಿರುತ್ತವೆ, ವಾಕ್ಯ ನಿಲ್ಲುವುದಿಲ್ಲ. ಆ ಹಂತದ ದೊಡ್ಡ ಕಷ್ಟವೆಂದರೆ ‘ಸುಬ್ಹುಂತೀವೊ’ ಎಂಬ ಕ್ರಿಯಾರೂಪ. ನಡೆಯುವುದನ್ನು ಹೇಳಲು ಒಂದು ರೂಪ, ಬಯಸುವುದನ್ನೂ ಶಂಕಿಸುವುದನ್ನೂ ಹೇಳಲು ಇನ್ನೊಂದು ರೂಪ. ‘ಯುಯೆವೆ’ ಎಂದರೆ ಮಳೆ ಬರುತ್ತದೆ. ಕೊನೆಯ ಸ್ವರ ಬದಲಾಗಿ ‘ಯುಯೆವಾ’ ಆದರೆ ಅದು ಬಯಕೆ. ಕನ್ನಡದಲ್ಲಿ ನಾವು ‘ಬರುತ್ತದೆ’ ಎಂಬುದನ್ನು ‘ಬರಲಿ’ ಎಂದು ಬದಲಿಸುವಂತೆ. ಈ ಪಾಠಕ್ಕೆ ಅಧ್ಯಾಪಕಿ ಆರಿಸಿಕೊಂಡ ಪದ ‘ಓಹಲಾ’. ‘ಓಹಲಾ ಯುಯೆವಾ’: ಮಳೆ ಬಂದರೆ ಎಷ್ಟು ಚೆನ್ನ!

‘ಓಹಲಾ’ ಎಂದರೆ ‘ಇನ್‌ಶಾ ಅಲ್ಲಾಹ್’ ಅಲ್ಲವೇ ಎಂದು ನಾನು ಉತ್ಸಾಹದಿಂದ ಕೇಳಿದೆ. ಅವರು ತಿದ್ದಿದರು. ಅದರ ಮೂಲ ಆಂದಲೂಸಿನ ಆಡುಮಾತಿನ ಅರಬಿಯ ‘ಲೌ ಶಾ ಅಲ್ಲಾಹ್’. ಅರಬಿಯಲ್ಲಿ ‘ಇನ್’ ಎಂಬುದಕ್ಕೂ ‘ಲೌ’ ಎಂಬುದಕ್ಕೂ ‘ಆದರೆ’ ಎಂದೇ ಅರ್ಥ. ಆದರೆ ‘ಇನ್’ ಆಗಬಹುದಾದುದಕ್ಕೆ. ‘ಲೌ’ ಆಗದಿದ್ದುದಕ್ಕೆ ಅಥವಾ ಆಗುವ ಭರವಸೆ ಇಲ್ಲದ್ದಕ್ಕೆ. ಗ್ರನಾಡಾ ಬಿದ್ದ ಮೇಲೆ ಅಲ್ಲಿನ ಮುಸ್ಲಿಮರನ್ನು ಬಲವಂತವಾಗಿ ಮತಾಂತರಿಸಲಾಯಿತು, 1567ರಲ್ಲಿ ಅರಬಿಯನ್ನು ನಿಷೇಧಿಸಲಾಯಿತು, 1609ರಿಂದ ಅವರ ಸಂತತಿಯನ್ನು ದೇಶದಿಂದಲೇ ಹೊರಹಾಕಲಾಯಿತು. ಪದ ಮಾತ್ರ ಉಳಿಯಿತು. ಇಂದು ಅದನ್ನು ನುಡಿಯುವ ಅನೇಕರಿಗೆ ಅದರೊಳಗೆ ಅಲ್ಲಾಹನ ಹೆಸರಿರುವುದು ತಿಳಿದಿಲ್ಲ.

ಅವರ ಮರೆವಿಗಾಗಿ ಮರುಗುತ್ತಾ ಕೊಠಡಿಗೆ ಬಂದೆ. ಆ ರಾತ್ರಿ ದೇವದುರ್ಗದ ನಾನಿ ನೆನಪಾದರು.

ನಾನಿಯ ಎರಡೂ ಕಣ್ಣುಗಳಲ್ಲಿ ಪೊರೆ ಬೆಳೆದಿತ್ತು. “ಇನ್‌ಶಾ ಅಲ್ಲಾಹ್, ಮುಂದಿನ ತಿಂಗಳು ಬಂದು ರಾಯಚೂರಿನ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ” ಎಂದು ನಾನು ಅವರಿಗೆ ಮಾತು ಕೊಟ್ಟಿದ್ದೆ. 5 ತಿಂಗಳು ಕಳೆದಿದ್ದವು. ಪರೀಕ್ಷೆ, ಪ್ರಬಂಧ, ಬಿಸಿಲು, ಹೀಗೆ ಪ್ರತಿ ಬಾರಿಯೂ ಒಂದು ಕಾರಣ. ಪ್ರತಿ ಕಾರಣದ ಕೊನೆಗೂ ಒಂದು ‘ಇನ್‌ಶಾ ಅಲ್ಲಾಹ್’. ಅರ್ಥ ಮರೆತವರು ದೂರದ ಸ್ಪೇನಿನವರು ಮಾತ್ರವೇ? ನಾನು ‘ಇನ್’ ಎಂದು ಉಚ್ಚರಿಸಿದ್ದೆ, ಮನಸ್ಸಿನಲ್ಲಿದ್ದುದು ‘ಲೌ’.

ಆ ವಾರವೇ ದೇವದುರ್ಗಕ್ಕೆ ಹೋದೆ. ತಡವಾದುದಕ್ಕೆ ಕ್ಷಮೆ ಕೇಳಿದಾಗ ನಾನಿ ಕೋಪಿಸಿಕೊಳ್ಳಲಿಲ್ಲ. “ನೀನು ಇನ್‌ಶಾ ಅಲ್ಲಾಹ್ ಅಂದಾಗಲೇ, ನೀನು ಬರುವುದಿಲ್ಲ ಎಂದು ತಿಳಿದುಕೊಂಡಿದ್ದೆ ಬೇಟಾ” ಎಂದರು. ಯಾವ ಬೈಗುಳವೂ ನನ್ನನ್ನು ಅಷ್ಟು ನಾಚಿಸುತ್ತಿರಲಿಲ್ಲ. ಅಲ್ಲಾಹನ ಹೆಸರು ನನ್ನ ಬಾಯಿಯಲ್ಲಿ, ನನ್ನ ಮನೆಯವರ ಕಿವಿಗೆ, ‘ಇಲ್ಲ’ ಎಂಬುದರ ಸೌಮ್ಯ ರೂಪವಾಗಿಬಿಟ್ಟಿತ್ತು.

ಸೂರಃ ಅಲ್ ಕಹ್‌ಫ್‌ನಲ್ಲಿ (18: 23-24) ಅಲ್ಲಾಹನ ಇಚ್ಛೆಯನ್ನು ಸೇರಿಸದೆ ಯಾವುದನ್ನೂ ನಾಳೆ ಮಾಡುವೆನೆಂದು ಹೇಳಬಾರದೆಂಬ ಉಪದೇಶವಿದೆ. ಅದು ಮಾಡಹೊರಟವನಿಗೆ ಕಲಿಸಿದ ವಿನಯ. ಮಾಡಲು ಮನಸ್ಸಿಲ್ಲದವನಿಗೆ ಕೊಟ್ಟ ನೆಪವಲ್ಲ. ಸಂಕಲ್ಪ ನಮ್ಮದು, ಪ್ರಯತ್ನ ನಮ್ಮದು, ಫಲಿತಾಂಶ ಅವನದು. ಸಂಕಲ್ಪವನ್ನೇ ಕಳಚಿಟ್ಟು ಅವನ ಇಚ್ಛೆಯ ಮೇಲೆ ಹೊರೆ ಹಾಕುವುದು ಯಾವ ಬಗೆಯ ವಿಶ್ವಾಸ?

ನಾನಿಯ ಒಂದು ಕಣ್ಣಿನ ಶಸ್ತ್ರಚಿಕಿತ್ಸೆ ರಾಯಚೂರಿನಲ್ಲಿ ನಡೆಯಿತು, ಅಲ್‌ಹಮ್ದುಲಿಲ್ಲಾಹ್. ಕೆಲವು ವಾರಗಳ ಬಳಿಕ ಒಂದು ಶುಕ್ರವಾರ ಅವರು ಮುಸ್‌ಹಫ್ ತೆರೆದು ಓದುತ್ತಿದ್ದರು. ಪ್ರತಿ ಜುಮಾ ದಿನ ಓದುತ್ತಿದ್ದು, ಕಣ್ಣು ಮಂಜಾದ ಮೇಲೆ ನಿಂತುಹೋಗಿದ್ದ ಸೂರಃ ಅಲ್ ಕಹ್‌ಫ್. ನಾನು ಮುಂದೂಡಿದ ಪ್ರತಿ ತಿಂಗಳೂ ಅವರಿಂದ ಏನನ್ನು ಕಸಿದಿತ್ತೆಂಬುದು ಆಗಷ್ಟೇ ತಿಳಿಯಿತು. ಇನ್ನೊಂದು ಕಣ್ಣಿಗೆ ವೈದ್ಯರು ದಿನ ಕೊಟ್ಟಿದ್ದಾರೆ. “ಆ ದಿನ ಬರುತ್ತೇನೆ, ಇನ್‌ಶಾ ಅಲ್ಲಾಹ್” ಎಂದೆ. ಬಸ್ಸಿನ ಟಿಕೆಟನ್ನು ಮೊದಲೇ ತೆಗೆದಿಟ್ಟುಕೊಂಡು ಆ ಮಾತು ಹೇಳಿದೆ.

ಸ್ಪ್ಯಾನಿಷ್‌ನಲ್ಲಿ ‘ಓಹಲಾ’ ಎಂದ ಕೂಡಲೇ ಮುಂದಿನ ಕ್ರಿಯೆ ರೂಪ ಬದಲಿಸಲೇಬೇಕು. ಬದಲಿಸದಿದ್ದರೆ ವಾಕ್ಯ ತಪ್ಪು. ನಮ್ಮ ‘ಇನ್‌ಶಾ ಅಲ್ಲಾಹ್’ನ ಬಳಿಕವೂ ನಮ್ಮ ಕ್ರಿಯೆ ಬದಲಾಗುವಂತೆ ಅಲ್ಲಾಹನು ಅನುಗ್ರಹಿಸಲಿ. ಆಮೀನ್.