ಅಬ್ಬಾರ ದನಿ ಮತ್ತು ಒಂದು ತಗಡಿನ ಡಬ್ಬಿ

ಅಬ್ಬಾ ತೀರಿಕೊಂಡು ಇಪ್ಪತ್ತು ವರ್ಷ ದಾಟಿತು. ಅವರ ದನಿ ಮಾತ್ರ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಉಳಿದಿದೆ. ಮೀಲಾದ್ ಮಜ್ಲಿಸ್‌ಗಳಲ್ಲಿ ಅವರು ನಾಅತ್ ಓದುತ್ತಿದ್ದರು. ಹಾಡುತ್ತಿದ್ದರು ಅಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ನಾಅತನ್ನು ಓದುತ್ತಾರೆಯೇ ಹೊರತು ಹಾಡುವುದಿಲ್ಲ. 1988ರ ಒಂದು ರಾತ್ರಿ ಯಾರೋ ಪುಣ್ಯಾತ್ಮರು ಅದನ್ನು ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಇಳಿಸಿದ್ದರು. ಮುಂದೆ 2006ರಲ್ಲಿ ಪೇಟೆಯ ಅಂಗಡಿಯೊಂದರಲ್ಲಿ ಅದನ್ನು ನಾವು ಎಂಪಿ3 ಮಾಡಿಸಿದೆವು.

ನಾವೆಂದರೆ ಅಣ್ಣತಮ್ಮಂದಿರಿಬ್ಬರು. ಒಬ್ಬರಿಗೆ ಕತೆ ಬರೆಯುವ ಚಟ, ಇನ್ನೊಬ್ಬರಿಗೆ ಟಿ.ವಿ. ರಿಪೇರಿಯ ಕಸುಬು. ಹಳೆಯ ಕಂಪ್ಯೂಟರಿನ ಹೆಡ್‌ಫೋನ್ ತೂತಿನಿಂದ ಅಬ್ಬಾರ ದನಿಯ ಜೊತೆಗೆ ಒಂದು ಗುಂಯ್ ಸದ್ದೂ ಬರುತ್ತಿತ್ತು. ಮೌಸ್ ಅಲುಗಿಸಿದರೆ ಕಿರ್ ಅನ್ನುತ್ತಿತ್ತು. ದೋಷ ಕಂಪ್ಯೂಟರಿನ ಡ್ಯಾಕ್‌ನದು, ಅಂದರೆ ಡಿಜಿಟಲ್ ಟು ಅನಲಾಗ್ ಕನ್ವರ್ಟರಿನದು, ಎಂದು ತೀರ್ಮಾನಿಸಿದೆವು. ಬೇರೆಯದೊಂದನ್ನು ನಾವೇ ಕಟ್ಟೋಣವೆಂದು ಹೊರಟೆವು. ಅದಕ್ಕಿಂತ ಕಡಿಮೆ ದುಡ್ಡಿಗೆ ಹೆಬ್ಬೆರಳಿನಷ್ಟು ದೊಡ್ಡ ತಯಾರು ಡ್ಯಾಕ್ ಸಿಗುತ್ತದೆ ಎನ್ನುವುದು ಗೊತ್ತಿದ್ದೂ ಹೊರಟೆವು. ಅಬ್ಬಾರ ಕೆಲಸ ನಮ್ಮ ಕೈಯಿಂದಲೇ ಆಗಲಿ ಎನ್ನುವ ಹಟ, ಅಷ್ಟೆ.

ಕಂಪ್ಯೂಟರಿನ ಹೊಟ್ಟೆಯಲ್ಲಿ ದನಿಯಿಲ್ಲ, ಬರಿಯ ಅಂಕಿಗಳಿವೆ. 1982ರಲ್ಲಿ ಸೋನಿ ಮತ್ತು ಫಿಲಿಪ್ಸ್ ಕಂಪನಿಗಳು ತಂದ ಸೀಡಿಯ ಲೆಕ್ಕದಂತೆ, ದನಿಯ ಅಲೆಯ ಎತ್ತರವನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆದಿಡುತ್ತಾರೆ. ಪ್ರತಿ ಅಳತೆಗೂ 16 ಬಿಟ್. ಅಂದರೆ 65,536 ಮೆಟ್ಟಿಲುಗಳಲ್ಲಿ ಒಂದು. ಎರಡು ಅಳತೆಗಳ ನಡುವೆ ಏನನ್ನೂ ಬರೆಯುವುದಿಲ್ಲ. ಹಾಗಾದರೆ ನಡುವಿನ ದನಿ ಎಲ್ಲಿ ಹೋಯಿತು? ಉರ್ದು, ಕನ್ನಡ ಎರಡನ್ನೂ ಕಲಿತವರಿಗೆ ಇದು ಅಷ್ಟೇನೂ ವಿಚಿತ್ರವಲ್ಲ. ಕನ್ನಡ ಮೇಷ್ಟ್ರು ಒಂದು ಕೊಂಬು ಬಿಟ್ಟರೂ ಕಿವಿ ಹಿಂಡುತ್ತಿದ್ದರು. ಉರ್ದುವಿನಲ್ಲಿ ಜೇರ್, ಜಬರ್, ಪೇಶ್ ಹಾಕದೆಯೇ ಬರೆಯುತ್ತಾರೆ; ಓದುವವರೇ ಸ್ವರ ತುಂಬಿಕೊಳ್ಳಬೇಕು. ಆದರೆ ಉರ್ದು ಓದುವವನು ತಪ್ಪಬಹುದು, ಇಲ್ಲಿ ತಪ್ಪಲು ಜಾಗವಿಲ್ಲ. ಅಳತೆಯ ವೇಗದ ಅರ್ಧಕ್ಕಿಂತ ಕಡಿಮೆ ಕಂಪನಗಳ ದನಿಯಾದರೆ, ಆ ಚುಕ್ಕಿಗಳ ಮೂಲಕ ಎಳೆಯಬಹುದಾದ ಗೆರೆ ಒಂದೇ. ಕ್ಲಾಡ್ ಶ್ಯಾನನ್ 1949ರ ಪ್ರಬಂಧವೊಂದರಲ್ಲಿ ಇದನ್ನು ವಿವರಿಸಿದ್ದಾರೆ.

ನಾವು ಆರಿಸಿಕೊಂಡದ್ದು ಫಿಲಿಪ್ಸ್‌ನ ಟಿಡಿಎ1543 ಎಂಬ ಎಂಟು ಕಾಲಿನ ಹಳೆಯ ಚಿಪ್ಪು. ಅದರ ತಯಾರಿಕೆ ನಿಂತು ಬಹಳ ಕಾಲವಾಗಿದೆ. ಹೆಸರು ಅಳಿಸಿ ಹೊಸ ಹೆಸರು ಒತ್ತಿದ ಖೋಟಾ ಮಾಲು ಎಲ್ಲೆಡೆ ಇದೆ. ಹಾಗಾಗಿ ಗುಜರಿಯಲ್ಲಿ ಸಿಕ್ಕ ಸತ್ತ ಸೀಡಿ ಪ್ಲೇಯರೊಂದರಿಂದ ಅದನ್ನು ಬಿಡಿಸಿಕೊಂಡೆವು. ಉಳಿದ ರೆಸಿಸ್ಟರು, ಕೆಪಾಸಿಟರು, ಯುಎಸ್‌ಬಿಯಿಂದ ಅಂಕಿ ತರುವ ಪುಟ್ಟ ಬೋರ್ಡು ಎಲ್ಲ ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಬಂದವು. ಬೋರ್ಡಿನಿಂದ ಚಿಪ್ಪಿಗೆ ಮೂರು ತಂತಿ: ಒಂದು ತಾಳ ಹಾಕುತ್ತದೆ, ಇನ್ನೊಂದು ಎಡವೋ ಬಲವೋ ಹೇಳುತ್ತದೆ, ಮೂರನೆಯದು ಅಂಕಿಗಳನ್ನು ತರುತ್ತದೆ. ಚಿಪ್ಪು ಆ ಅಂಕಿಗೆ ತಕ್ಕಷ್ಟು ಕರೆಂಟು ಹೊರಗೆ ಬಿಡುತ್ತದೆ. ಒಂದು ರೆಸಿಸ್ಟರು ಅದನ್ನು ವೋಲ್ಟೇಜು ಮಾಡುತ್ತದೆ. ಮೆಟ್ಟಿಲು ಮೆಟ್ಟಿಲಾದ ಆ ಅಲೆಯನ್ನು ಸಣ್ಣದೊಂದು ಕೆಪಾಸಿಟರು ಒಂದಿಷ್ಟು ನಯ ಮಾಡುತ್ತದೆ. ಎಲ್ಲವನ್ನೂ ಅಮ್ಮಿಯ ಸೂಜಿದಾರದ ಬಿಸ್ಕತ್ ಡಬ್ಬಿಯಲ್ಲಿ ಕೂರಿಸಿದೆವು. ಅಮ್ಮಿಗೆ ಬೇರೆ ಡಬ್ಬಿ ಕೊಡಿಸಬೇಕಾಯಿತು.

ಮೊದಲ ಸಲ ಹಾಕಿದಾಗ ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ಗುಂಯ್! ಟ್ರಾನ್ಸ್‌ಫಾರ್ಮರನ್ನೂ ಅದೇ ಡಬ್ಬಿಯಲ್ಲಿ, ಚಿಪ್ಪಿನ ಪಕ್ಕದಲ್ಲೇ ಇಟ್ಟಿದ್ದೆವು. ಗ್ರೌಂಡ್ ತಂತಿಗಳನ್ನು ಸಿಕ್ಕಸಿಕ್ಕಲ್ಲಿ ಬೆಸೆದಿದ್ದೆವು. ಟ್ರಾನ್ಸ್‌ಫಾರ್ಮರನ್ನು ಬೇರೆ ಪೆಟ್ಟಿಗೆಗೆ ಕಳಿಸಿ, ಗ್ರೌಂಡ್ ತಂತಿಗಳನ್ನೆಲ್ಲ ಒಂದೇ ಕಡೆ ತಂದು ಸೇರಿಸುವ ಹೊತ್ತಿಗೆ ಎರಡು ಭಾನುವಾರ ಹೋದವು. ಆಮೇಲೆ ಮೌನ. ಅಂಥ ಮೌನವನ್ನು ನಮ್ಮ ಸ್ಪೀಕರುಗಳು ಅದುವರೆಗೆ ಕಂಡಿರಲಿಲ್ಲ.

ಇಶಾ ನಮಾಜು ಮುಗಿಸಿ ಬಂದು, ಅಮ್ಮಿಯನ್ನು ಕೂರಿಸಿಕೊಂಡು ಅಬ್ಬಾರ ನಾಅತ್ ಹಾಕಿದೆವು. ದನಿ ಸ್ಪಷ್ಟವಾಗಿತ್ತು. ಅದೇ ತೊಂದರೆಯಾಯಿತು. 'ಸ'ಕಾರ ಬಂದಲ್ಲೆಲ್ಲ ನೀರು ಗುಳುಗುಳು ಎಂದಂತೆ ಒಡೆಯುತ್ತಿತ್ತು. ಸಭೆಯವರೆಲ್ಲ ಒಟ್ಟಿಗೆ ದರೂದ್ ಹೇಳುವ ಕಡೆ ನೂರು ಗಂಟಲುಗಳು ಕಲಸಿ ಹಿಟ್ಟಾಗಿದ್ದವು. ಹಿಂದೆ ಗುಂಯ್ ಸದ್ದು ಇದನ್ನೆಲ್ಲ ಮುಚ್ಚಿಟ್ಟಿತ್ತು. ಅಮ್ಮಿ ಸ್ವಲ್ಪ ಹೊತ್ತು ಕೇಳಿ, "ಇವರ 'ಸೀನ್' ಹೀಗಿರಲಿಲ್ಲ" ಎಂದು ಎದ್ದು ಹೋದರು.

ಫೈಲು ಬಿಡಿಸಿ ನೋಡಿದರೆ 128 ಕಿಲೋಬಿಟ್ಟಿನದು. ಸೀಡಿಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಇರುತ್ತದೆ. ಕಿವಿಗೆ ಗೊತ್ತಾಗದೆಂದು ಎಂಪಿ3 ಕೆಲವನ್ನು ಬಿಟ್ಟುಬಿಡುತ್ತದೆ. ಅಂಗಡಿಯವರು ಹನ್ನೊಂದರಲ್ಲೊಂದು ಪಾಲು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟಿದ್ದರು. ಬಿಟ್ಟದ್ದನ್ನು ಯಾವ ಡ್ಯಾಕೂ ಮರಳಿ ತರಲಾರದು. ಅವರನ್ನು ಬೈದು ಪ್ರಯೋಜನವೇನು? ಸೀಡಿ ಕೈಗೆ ಬಂದಿತಲ್ಲ, ಇನ್ನು ಇದೇಕೆ ಎಂದು ಕ್ಯಾಸೆಟ್ಟನ್ನು ಟೇಪ್‌ರೆಕಾರ್ಡರ್ ಸಮೇತ ಗುಜರಿಯವನ ಗಾಡಿಗೆ ಹಾಕಿದವರು ನಾವೇ. ತೂಕಕ್ಕೆ ಹಾಕಿ ದುಡ್ಡನ್ನೂ ತೆಗೆದುಕೊಂಡಿದ್ದೆವು.

ಭದ್ರಾವತಿಯ ಖಾಲಾ ಆ ಕ್ಯಾಸೆಟ್ಟಿನ ಒಂದು ನಕಲು ಮಾಡಿಸಿಕೊಂಡದ್ದು ಅಮ್ಮಿಗೆ ನೆನಪಾದದ್ದು ಒಂದು ವಾರದ ನಂತರ. ಹೋದೆವು. ಟ್ರಂಕಿನಲ್ಲಿ, ನಿಕಾಹದ ದುಪಟ್ಟಾದ ಮಡಿಕೆಯಲ್ಲಿ ಅದು ಇತ್ತು. ಟೇಪನ್ನು ಹೆಡ್ಡಿಗೆ ಒತ್ತಿಹಿಡಿಯುವ ಪುಟ್ಟ ಮೆತ್ತೆ ಗೋಂದು ಒಣಗಿ ಉದುರಿತ್ತು. ಬೇರೊಂದು ಕ್ಯಾಸೆಟ್ಟಿನಿಂದ ಅದನ್ನು ಕಿತ್ತು ಅಂಟಿಸಿದೆವು. ರಿಪೇರಿಗೆಂದು ಬಂದು ವಾರಸುದಾರರು ಮರೆತುಹೋಗಿದ್ದ ಡೆಕ್ಕೊಂದು ಅಂಗಡಿಯಲ್ಲಿತ್ತು. ಈ ಸಲ ಬೇಕಾದದ್ದು ನಮ್ಮ ಡಬ್ಬಿಯ ತಿರುಗುಮುರುಗು ಯಂತ್ರ, ದನಿಯನ್ನು ಅಂಕಿ ಮಾಡುವಂಥದು. ರೆಕಾರ್ಡಿಂಗ್ ಕೆಲಸದ ಗೆಳೆಯರೊಬ್ಬರಿಂದ ಅದನ್ನು ಎರವಲು ತಂದು, 24 ಬಿಟ್ಟಿನಲ್ಲಿ, ಏನನ್ನೂ ಬಿಡದ ಹಾಗೆ ಇಳಿಸಿಕೊಂಡೆವು. ನಕಲಿನ ನಕಲಾದ್ದರಿಂದ ಹಿಸ್ ಎನ್ನುವ ಟೇಪಿನ ಸದ್ದು ಜಾಸ್ತಿಯೇ ಇದೆ. ಅದನ್ನು ಸೋಸಿಬಿಡೋಣವೇ ಎಂಬ ಮಾತು ಬಂತು. ಸೋಸಿದರೆ ಅಬ್ಬಾರ 'ಸ'ಕಾರಕ್ಕೂ ಪೆಟ್ಟು ಬೀಳುತ್ತದೆ. ಹಾಗೇ ಬಿಟ್ಟೆವು.

ಖಾಲಾ ಕೂಡ ಬಂದು ಕೇಳಿದರು. ಮುಗಿದ ಮೇಲೆ ಕಣ್ಣೊರೆಸಿಕೊಂಡು ಕೈ ಚಾಚಿದರು.

"ಕ್ಯಾಸೆಟ್ ಕೊಡ್ರೋ. ನಿಮ್ಮ ಹತ್ತಿರ ಬಿಟ್ಟರೆ ಗುಜರಿಗೆ ಹಾಕ್ತೀರಿ."

ಕೊಟ್ಟೆವು.