ಹೈಡೆಲ್‌ಬರ್ಗಿನ ವಿದ್ಯಾರ್ಥಿ ಸೆರೆಮನೆ

ಬೇಸಗೆಯ ರಜೆಯಲ್ಲಿ ಜರ್ಮನ್ ಭಾಷಾಭ್ಯಾಸಕ್ಕೆಂದು ಹೈಡೆಲ್‌ಬರ್ಗಿಗೆ ಹೋದ ನಮ್ಮ ಮೊಮ್ಮಗಳೊಡನೆ ನಾವೂ ಎಂಟು ದಿನ ಅಲ್ಲಿದ್ದೆವು. ನೆಕ್ಕರ್ ನದಿ, ಕೆಂಗಲ್ಲಿನ ಕೋಟೆ, 1386ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯ ಇವುಗಳನ್ನು ವಾಚಕರು ಚಿತ್ರಗಳಲ್ಲಿ ಕಂಡಿರಬಹುದು. ನಮ್ಮನ್ನು ಹಿಡಿದು ನಿಲ್ಲಿಸಿದುದು ಅಲ್ಲಿಯ ವಿದ್ಯಾರ್ಥಿಗಳ ಸೆರೆಮನೆ. 1778ರಿಂದ 1914ರವರೆಗೆ, ರಾತ್ರಿ ಗದ್ದಲವೆಬ್ಬಿಸಿದವರನ್ನೂ ದ್ವಂದ್ವಯುದ್ಧ ಮಾಡಿದವರನ್ನೂ ವಿಶ್ವವಿದ್ಯಾಲಯವೇ ಇಲ್ಲಿ ಕೂಡಿಹಾಕುತ್ತಿತ್ತು. ಪಾಠಗಳಿಗೆ ಹೋಗಿಬರಲು ಮಾತ್ರ ಅನುಮತಿಯಿತ್ತು. ಗೋಡೆಗಳ ತುಂಬ ಅವರು ಹೊಗೆಮಸಿಯಿಂದ ಬರೆದ ಹೆಸರುಗಳು, ಟೋಪಿಯಿಟ್ಟ ಕರಿಯ ಮುಖಾಕೃತಿಗಳು. ಶಿಕ್ಷೆಯೇ ಇವರಿಗೆ ಬಿರುದಾಗಿತ್ತೆಂದು ತೋರುತ್ತದೆ!

ಮೊಮ್ಮಗಳು ನಕ್ಕಳು. ನಮಗೆ ನಗು ಬರಲಿಲ್ಲ. ಒಮ್ಮೆ ಶಬ್ದರೂಪ ತಪ್ಪಿದುದಕ್ಕಾಗಿ ನಾವು ಬೆಂಚಿನ ಮೇಲೆ ನಿಲ್ಲಿಸಿದ ಹುಡುಗನೊಬ್ಬನು ಮರುದಿನದಿಂದ ಶಾಲೆಗೆ ಬರಲೇ ಇಲ್ಲ. ಅವನ ಹೆಸರನ್ನು ಆ ಗೋಡೆಯ ಮುಂದೆ ಮೊಮ್ಮಗಳಿಗೆ ಹೇಳಿದೆವು. ಅದುವರೆಗೆ ಯಾರಿಗೂ ಹೇಳಿರಲಿಲ್ಲ.